ಅವ್ವನನ್ನು ಬಿಟ್ಟುಕೊಟ್ಟ ಯಾರುಮ

ಬೀಹಾ ಹುಟ್ಟಿದಾಗ ಯಾರುಮಳಿಗೆ ಐದು ವರ್ಷ. ಅವ್ವ ಮಲಗುವ ಹಗ್ಗದ ಜೋಲಿಯಲ್ಲಿ ಅವಳ ಮಗ್ಗುಲಲ್ಲಿ ಮಲಗಿದ್ದ ಕೆಂಪು ಕೂಸನ್ನು ಎಷ್ಟೋ ಹೊತ್ತು ನೋಡಿ, "ಯಾರಾದ್ರೂ ಕೇಳಿದ್ರೆ ಕೊಟ್ಬಿಡವ್ವ ಇದನ್ನ" ಎಂದಳಂತೆ. ಆ ಮಾತನ್ನು ಊರಿನವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಯಾರುಮ ಒಬ್ಬಳೇ ನಗಲಿಲ್ಲ. ಅವಳು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಅವರ ಅವ್ವ ಹಾಗ್ವಾ ಮಡಕೆ ಮಾಡುವವಳು. ಕೆಂಪು ಮಣ್ಣಿನ ಬೋಗುಣಿಯ ಮೇಲೆ ಬಿಳಿ ಗೆರೆಯಲ್ಲಿ ಕಪ್ಪೆ, ಆಮೆ, ಬಾವಲಿ ಬರೆಯುತ್ತಿದ್ದಳು. ನಮ್ಮ ಹೊಳೆಯ ಉದ್ದಕ್ಕೂ, ಬೆಟ್ಟದ ಊರುಗಳಿಂದ ಹಿಡಿದು ಕಡಲ ದಡದವರೆಗೆ, ಅಂಥ ಕೈ ಇನ್ನೊಬ್ಬರಿಗಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಯಾರುಮ ಆ ನಾರಿನ ಕುಂಚವನ್ನು ಕೈಗೆ ತೆಗೆದುಕೊಂಡಳು. ಅವಳು ಎಳೆದ ಗೆರೆ ಎಲ್ಲಾ ದಪ್ಪ ದಪ್ಪ. ಒತ್ತಿ ಒತ್ತಿ ಕುಂಚದ ನಾರೇ ಮುರಿದುಹೋಯಿತು. ಹಾಗ್ವಾ ಕುಂಚ ಕಿತ್ತುಕೊಂಡು ಒಂದು ಮುದ್ದೆ ಮಣ್ಣು ಅವಳ ಮುಂದಿಟ್ಟಳು.

"ನಿಂದು ಹಂಚು ತಟ್ಟೋ ಕೈ ಕಣೆ. ಹಂಚು ತಟ್ಟು."

ಮುಂದಿನ ವರ್ಷ ಏಳು ವರ್ಷದ ಬೀಹಾ ಕೈಯೆತ್ತದೆ ಒಂದೇ ಗೆರೆಯಲ್ಲಿ ಬಾವಲಿ ಬರೆದಳು. ಹಾಗ್ವಾ ಆ ಬೋಗುಣಿ ಹಿಡಿದು ಮನೆ ಮನೆಗೆ ಹೋಗಿ ತೋರಿಸಿ ಬಂದಳು.

ಯಾರುಮ ಹಂಚು ತಟ್ಟಿದಳು. ಮರಗೆಣಸನ್ನು ತುರಿದು, ವಿಷದ ಹಾಲು ಹಿಂಡಿ, ಆ ಹಿಟ್ಟಿನ ರೊಟ್ಟಿ ಬೇಯಿಸುವ ಅಗಲವಾದ ಮಣ್ಣಿನ ಹಂಚು. ಎಲೆ ಹಾಸಿನ ಮೇಲೆ ಮಣ್ಣು ಹರಡಿ, ಮೊಣಕೈಯಿಂದ ತೀಡಿ, ಅಂಚು ಎಬ್ಬಿಸಿ, ಹದಿನೈದು ದಿನ ನೆರಳಲ್ಲಿ ಒಣಗಿಸಬೇಕು. ಅವಳ ಹಂಚು ಬಿರುಕು ಬಿಡುತ್ತಿರಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ಊರಿನ ಒಲೆಗಳ ಮೇಲೆಲ್ಲ ಅವಳದೇ ಹಂಚು. ಆದರೆ ಹಂಚನ್ನು ಎತ್ತಿಕೊಂಡು ಮನೆ ಮನೆಗೆ ತೋರಿಸುವವರು ಯಾರು? ಅದರ ಮೇಲೆ ರೊಟ್ಟಿ ಬೇಯುತ್ತದೆ, ಕೆಳಗೆ ಮಸಿ ಹಿಡಿಯುತ್ತದೆ, ಅಷ್ಟೇ.

ಹದಿನೇಳಕ್ಕೆ ಅವಳು ಮಾರೋಯ ಎಂಬ ಮೀನುಗಾರನ ಕೈ ಹಿಡಿದಿದ್ದಳು. ಒಳ್ಳೆಯವನು, ಮಾತು ಕಡಿಮೆ. ಆ ವರ್ಷವೇ ಗಂಡು ಕೂಸು ಹುಟ್ಟಿ, ನಾಲ್ಕು ತಿಂಗಳಿದ್ದು ಜ್ವರಕ್ಕೆ ಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ. ಅವಳಿಗೂ ಅದೇ ಜ್ವರ ಹತ್ತಿ ಮೈಮೇಲೆ ಪ್ರಜ್ಞೆ ಇರಲಿಲ್ಲ. ಹಾಗ್ವಾ ಕೂಸನ್ನು ಎತ್ತಿಕೊಂಡು ಹೋಗಿ ನಡುಬಯಲಿನಲ್ಲಿ ಇಟ್ಟು ಬಂದಳು.

ನಡುಬಯಲೆಂದರೆ ಊರಿನ ಮನೆಗಳೆಲ್ಲ ಮುಖ ಮಾಡಿ ನಿಂತ ನಡುವಿನ ಬಯಲು. ಸತ್ತವರನ್ನು ಮಂಡಿ ಎದೆಗೆ ಮಡಿಸಿ, ತಲೆಯ ಮೇಲೊಂದು ಬೋಗುಣಿ ಕವುಚಿ ಅಲ್ಲಿಯೇ ಇಡುತ್ತಿದ್ದರು. ಗುರುತಿಗೆ ಕಲ್ಲಿಲ್ಲ, ಕೋಲಿಲ್ಲ. ಮಣ್ಣು ಮುಚ್ಚಿ, ಗುಡಿಸಿ, ಮುಂದಿನ ಹುಣ್ಣಿಮೆಗೆ ಅದರ ಮೇಲೇ ಎಲ್ಲರೂ ಕುಣಿಯುತ್ತಿದ್ದರು. ಒಳಗಿಟ್ಟ ಮೇಲೆ ಸತ್ತವರು ಒಂದು ಮನೆಯವರಲ್ಲ, ಊರಿನವರು. ಮೊಲೆಹಾಲು ಬತ್ತುವ ತನಕ ಕೂಸು ಕಳೆದುಕೊಂಡವಳು ಬಯಲಿಗೆ ಕಾಲಿಡುವ ಹಾಗಿರಲಿಲ್ಲ. ಯಾರುಮ ಎದ್ದು ಓಡಾಡುವ ಹೊತ್ತಿಗೆ ನೆಲ ಒಂದೇ ಸಮನಾಗಿತ್ತು.

"ಎಲ್ಲಿಟ್ಟೆ ಅವ್ವ?"

"ಎಲ್ಲರ ಜೊತೆ ಇಟ್ಟಿದೀನಿ. ಹಾಗೆಲ್ಲ ಕೇಳಬಾರದು."

ಅವಳು ಮತ್ತೆ ಕೇಳಲಿಲ್ಲ. ಆದರೆ ಕುಣಿತದ ದಿನ ಎಲ್ಲರೂ ನೆಲ ಅದುರುವ ಹಾಗೆ ಹೆಜ್ಜೆ ಹಾಕುವಾಗ ಅವಳ ಹೆಜ್ಜೆ ಮಾತ್ರ ಹಗುರವಾಗಿ ಬೀಳುತ್ತಿತ್ತು. ಎರಡು ವರ್ಷ ಬಿಟ್ಟು ಮಗಳು ಗ್ವಾನಿ ಹುಟ್ಟಿದಳು, ಬದುಕಿದಳು.

ಬೀಹಾಳನ್ನು ಮದುವೆಯಾದವನು ಕೊಬಾನಿ. ಹಳೆಯ ಯಜಮಾನನ ಅಕ್ಕನ ಮಗ. ಮಾವ ಸತ್ತ ಮೇಲೆ ಅವನೇ ಊರ ಯಜಮಾನನಾದ. ಬೀಹಾ ಕತ್ತಿನ ತುಂಬ ಕಲ್ಲುಮಣಿ ಹಾಕಿಕೊಂಡು ಓಡಾಡತೊಡಗಿದಳು. "ಬಾರೇ ಅಕ್ಕ, ನಮ್ಮನೇಲಿ ಇವತ್ತು ಆಮೆ ಬೇಯಿಸಿದೀವಿ" ಎಂದು ಕರೆಯುವಳು. ಯಾರುಮ ಹೋಗುವಳು, ತಿನ್ನುವಳು, ಮನೆಗೆ ಬಂದು ಗಂಡನ ಮುಂದೆ, "ಉಪ್ಪು ಜಾಸ್ತಿಯಾಗಿತ್ತು" ಎನ್ನುವಳು. ಮಾರೋಯ ಬಲೆ ಹೆಣೆಯುತ್ತ, "ಮೂರು ಸಲ ಹಾಕಿಸ್ಕೊಂಡೆಯಂತಲ್ಲ" ಎನ್ನುವನು.

ಬೀಹಾಳ ಎರಡು ವರ್ಷದ ಮಗಳು ಜ್ವರ ಬಂದು ಸತ್ತಳು. ಅವತ್ತು ಯಾರುಮ ತಂಗಿಯನ್ನು ತಬ್ಬಿಕೊಂಡು ಅತ್ತದ್ದು ನಿಜವಾದ ಅಳು. ಆದರೆ ಹೆಂಗಸರು ಕೂಸನ್ನು ಎತ್ತಲು ಬಂದಾಗ ಬೀಹಾ ಬಾಗಿಲಿಗೆ ಅಡ್ಡ ನಿಂತಳು.

"ಕೊಡಲ್ಲ. ಇವಳು ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ."

ಕಡಲ ದಡದ ದೊಡ್ಡ ಊರುಗಳಲ್ಲಿ ತಮ್ಮ ತಮ್ಮ ಮನೆಯ ನೆಲದಡಿಯೇ ಸತ್ತವರನ್ನು ಇಟ್ಟುಕೊಳ್ಳುವುದನ್ನು ಕೊಬಾನಿ ಕಂಡು ಬಂದಿದ್ದ. ಮನೆಯೊಳಗೆ, ಬೀಹಾಳ ಜೋಲಿಯ ಕೆಳಗೇ ಅಗೆಸಿದ. ಊರಿನ ಹಿರಿಯರು ಗೊಣಗಿದರು. ಹಾಗ್ವಾಳ ಅಣ್ಣ, ಮುದುಕ ಬಾಗ್ವೆ, "ಇವತ್ತು ಕೂಸು ನಂದು ಅಂತಾರೆ, ನಾಳೆ ಹೊಳೆ ನಂದು ಅಂತಾರೆ" ಎಂದು ಬಯಲಿನಲ್ಲಿ ನಿಂತು ಕೂಗಾಡಿದ. ಆ ವರ್ಷದ ಬಿರುಗಾಳಿಗೆ ಹತ್ತು ಮನೆಯ ಸೂರು ಹಾರಿಹೋಯಿತು. ಯಜಮಾನನ ಮನೆ ಅಲ್ಲಾಡಲಿಲ್ಲ. "ನಮ್ಮ ಕೂಸು ಕೆಳಗಿಂದ ಹಿಡ್ಕೊಂಡಿತ್ತು" ಎಂದ ಕೊಬಾನಿ. ಅವನ ಕಂಬಗಳು ಬೇರೆಯವರದಕ್ಕಿಂತ ಎರಡರಷ್ಟು ದಪ್ಪ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಹೆಂಗಸರು ಮೀನು, ಸೀಬೆ ಹಣ್ಣು ಹಿಡಿದು ಆ ಮನೆಗೆ ಹೋಗಿ, ಜೋಲಿಯ ಕೆಳಗಿನ ನೆಲ ಮುಟ್ಟಿ ಬರತೊಡಗಿದರು.

ಒಂದು ಬೆಳಿಗ್ಗೆ ಯಾರುಮ ಹೊಸ ಹಂಚು ಕೊಡಲು ಹೋದಾಗ ಬೀಹಾ ಆಗತಾನೆ ರೊಟ್ಟಿ ಮುರಿದು ಒಂದು ಚೂರನ್ನು ನೆಲದ ಮೇಲೆ ಇಡುತ್ತಿದ್ದಳು. "ತಿನ್ನವ್ವ ಬಂಗಾರ, ಬಿಸಿ ಇದೆ, ಊದ್ಕೊಂಡು ತಿನ್ನು" ಎಂದು ಮೆತ್ತಗೆ ಮಾತಾಡುತ್ತಿದ್ದಳು. ಯಾರುಮ ಹಂಚನ್ನು ಬಾಗಿಲಲ್ಲೇ ಇಟ್ಟು ಹೊರಟುಬಂದಳು. ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಆ ಉರಿಗೆ ಅವಳು ಚಿಕ್ಕಂದಿನಿಂದ ಒಗ್ಗಿಹೋದವಳು. ಕುಂಚಕ್ಕೆ ಉರಿದಿದ್ದಳು, ಕಲ್ಲುಮಣಿಗೆ ಉರಿದಿದ್ದಳು. ಈ ಸಲ ಅವಳಿಗೇ ಹೆದರಿಕೆಯಾಯಿತು. ತಂಗಿಯ ಸತ್ತ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಡುವವಳು ಎಂಥ ಹೆಂಗಸು? ಆದರೂ ಉರಿ ಆರಲಿಲ್ಲ. ಅವಳಿಗೆ ರೊಟ್ಟಿ ಇಡಲು ಜಾಗ ಗೊತ್ತು. ನನಗೆ?

ಮೂರು ವರ್ಷ ಹೀಗೇ ಕಳೆಯಿತು. ಆಮೇಲೆ ಕೊಬಾನಿ ಎಲ್ಲರನ್ನೂ ಕರೆದು ಹೊಸ ಮಾತು ಹೇಳಿದ. ನಡುಬಯಲಿನ ಸುತ್ತ ಹೊಳೆಯಿಂದ ಚಪ್ಪಡಿ ಕಲ್ಲು ತಂದು ನಿಲ್ಲಿಸುವುದು, ಅದನ್ನು ಚೆಂಡಾಟದ ಬಯಲು ಮಾಡುವುದು. ಬೇರೆ ಊರಿನ ಯಜಮಾನರು ಜನ ಕಟ್ಟಿಕೊಂಡು ಆಡಲು ಬರುತ್ತಾರೆ, ನಮ್ಮೂರಿಗೆ ಹೆಸರು ಬರುತ್ತದೆ. ಇನ್ನು ಮೇಲೆ ಅಲ್ಲಿ ಯಾರನ್ನೂ ಇಡುವಂತಿಲ್ಲ. ತಮ್ಮವರನ್ನು ಎತ್ತಿ ಮನೆಗೆ ತಂದುಕೊಳ್ಳಬೇಕೆನ್ನುವವರು ಕಲ್ಲು ನಿಲ್ಲಿಸುವ ಮೊದಲೇ ತಂದುಕೊಳ್ಳಲಿ.

"ಯಾರ ಮೂಳೆ ಯಾರದು ಅಂತ ನಿಂಗೇನೋ ಗೊತ್ತು?" ಎಂದ ಬಾಗ್ವೆ. "ನಮ್ಮಜ್ಜಿ ಮೇಲೆ ಚೆಂಡು ಪುಟಿಸ್ತೀಯಾ?"

"ಇಷ್ಟು ದಿನ ಅಜ್ಜಿ ಮೇಲೆ ಕುಣೀತಿರಲಿಲ್ವಾ ಮಾವ?" ಎಂದ ಕೊಬಾನಿ. ಕೆಲವರು ನಕ್ಕರು. ನಕ್ಕವರೆಲ್ಲ ಹರೆಯದವರು.

ಹಾಗ್ವಾ ಆಗಲೇ ಹಾಸಿಗೆ ಹಿಡಿದಿದ್ದಳು. ಯಾರುಮಳ ಮನೆಯಲ್ಲೇ ಇದ್ದಳು. ಎತ್ತುವುದು, ತೊಳೆಯುವುದು, ಏಡಿಯ ಗಂಜಿ ಕುಡಿಸುವುದು ಎಲ್ಲ ಯಾರುಮಳದೇ. ಬೀಹಾ ದಿನಕ್ಕೊಮ್ಮೆ ಬಂದು ಹಣೆ ಸವರಿ ಹೋಗುವಳು. ಹಾಗ್ವಾಳ ಮುಖ ಅರಳುತ್ತಿದ್ದುದು ಆಗಲೇ. ಒಂದು ಮಧ್ಯಾಹ್ನ ಅವಳು ಯಾರುಮಳ ಮಣಿಕಟ್ಟು ಹಿಡಿದಳು.

"ನನ್ನನ್ನ ಬಯಲಿಗೇ ಹಾಕ್ಬೇಕು. ನಮ್ಮವ್ವ ಅಲ್ಲಿದಾಳೆ, ಎಲ್ರೂ ಅಲ್ಲಿದಾರೆ. ಒಂದು ಮನೆ ಮೂಲೇಲಿ ನಾನೊಬ್ಬಳೇ ಕೂತ್ಕೊಂಡು ಏನ್ ಮಾಡ್ಲಿ? ಮಾತು ಕೊಡು."

ಯಾರುಮ ಮಾತು ಕೊಟ್ಟಳು. ಎದೆ ಅರಳಿಹೋಯಿತು. ಅವ್ವ ಕೊನೆಯ ಮಾತು ಕೇಳಿದ್ದು ನನ್ನನ್ನು! ಸಂಜೆಯೊಳಗೆ ಹೊಳೆದಡದಲ್ಲಿ, ಗೆಣಸಿನ ಹೊಲದಲ್ಲಿ, ಕಂಡವರಿಗೆಲ್ಲ ಹೇಳಿಯಾಯಿತು. "ಬೀಹಾಳನ್ನ ಕೇಳಲಿಲ್ಲ ನೋಡು, ನನ್ನನ್ನ ಕೇಳಿದ್ಲು." ಮಾತು ಬೀಹಾಳ ಕಿವಿಗೂ ಬಿತ್ತು. ಮಾರನೆಯ ದಿನ ಬಂದವಳು ಸುಮ್ಮನೆ ಹೇಳಿದಳು:

"ಮೊದಲು ನನ್ನನ್ನೇ ಕೇಳಿದ್ಲು ಕಣೆ ಅಕ್ಕ. ನಾನು ಆಗಲ್ಲ ಅಂದೆ. ಅದಕ್ಕೆ ನಿನ್ನನ್ನ ಕೇಳಿರ್ಬೇಕು."

ಅವತ್ತು ಯಾರುಮ ತಟ್ಟಿದ ಹಂಚು ಅವಳ ಜೀವಮಾನದಲ್ಲಿ ಬಿರುಕು ಬಿಟ್ಟ ಒಂದೇ ಹಂಚು.

ಎಂಟು ದಿನಕ್ಕೆ ಹಾಗ್ವಾ ಬೆಳಗಿನ ಹೊತ್ತು ಉಸಿರು ಬಿಟ್ಟಳು. ಜೋಲಿಯ ಸಮೇತ ಅವಳನ್ನು ಹೊರಗೆ ತಂದು ಎರಡು ಕಂಬದ ನಡುವೆ ತೂಗುಹಾಕಿದರು. ಊರೆಲ್ಲ ಸೇರಿತು. ಬಯಲಿನ ಒಂದು ಅಂಚಿಗೆ ಆಗಲೇ ಕಲ್ಲು ತಂದು ಒಟ್ಟಿದ್ದರು.

"ನಮ್ಮ ಮನೇಲಿ ಅಗೆಸಿ ಆಗಿದೆ, ಮೊಮ್ಮಗಳ ಪಕ್ಕದಲ್ಲೇ" ಎಂದಳು ಬೀಹಾ.

"ಯಾರನ್ನ ಕೇಳಿ ಅಗೆಸಿದೆ?" ಯಾರುಮ ಜೋಲಿಯ ಹಗ್ಗ ಹಿಡಿದು ನಿಂತಳು. "ಅವ್ವ ಬಯಲಿಗೆ ಅಂದಿದಾಳೆ. ನಾನು ಮಾತು ಕೊಟ್ಟಿದೀನಿ. ಮಲ ಬಳಿದವಳು ನಾನು, ಹಣೆ ಸವರೋಕೆ ಬಂದವಳು ನೀನು."

"ಮೂರು ತಿಂಗಳಾದ್ರೆ ಅಲ್ಲಿ ಚೆಂಡು ಪುಟಿಸ್ತಾರೆ ಅಕ್ಕ. ಅವ್ವನ ತಲೆ ಮೇಲೆ."

"ಪುಟಿಸೋನು ನಿನ್ನ ಗಂಡ. ಅವನಿಗೆ ಹೇಳು."

"ಹಾಗೆ ಹೇಳು ಮಗಳೇ!" ಎಂದ ಬಾಗ್ವೆ. ಹಿರಿಯರೆಲ್ಲ ಯಾರುಮಳ ಹಿಂದೆ ಬಂದು ನಿಂತರು. ಇಡೀ ಊರು ತನ್ನ ಕಡೆ, ತಂಗಿ ಒಬ್ಬಳೇ ಆ ಕಡೆ. ಇಂಥ ದಿನವನ್ನು ಯಾರುಮ ಕಂಡೇ ಇರಲಿಲ್ಲ. ಅವ್ವ ಸತ್ತ ದುಃಖದ ನಡುವೆಯೂ ಅದು ಜೇನಿನ ಹಾಗೆ ನಾಲಿಗೆಗೆ ಹತ್ತಿತು. ಕೊಬಾನಿ ಹಿರಿಯರ ಮುಖ ನೋಡಿ, "ಹಾಗಿದ್ರೆ ಬಯಲಿಗೇ ಆಗಲಿ, ಇದೇ ಕೊನೆ" ಎಂದುಬಿಟ್ಟ.

ಹೆಣ ತೊಳೆಯಲು ನೀರು ತರುವುದು ಹೆಣ್ಣುಮಕ್ಕಳ ಕೆಲಸ. ಅಕ್ಕತಂಗಿಯರು ಸೋರೆಬುರುಡೆ ಹಿಡಿದು ಹೊಳೆಗೆ ಇಳಿದರು. ಬುರುಡೆ ತುಂಬುವಾಗ ಬೀಹಾ ನೀರನ್ನೇ ನೋಡುತ್ತ ಹೇಳಿದಳು.

"ನಿನ್ನ ಕೂಸು ಎಲ್ಲಿದೆ ಅಂತ ನಂಗೊತ್ತು."

ಯಾರುಮ ತಿರುಗಿ ನೋಡಿದಳು.

"ಅವತ್ತು ಅವ್ವ ಕೂಸು ಎತ್ಕೊಂಡಿದ್ಲು, ಬೋಗುಣಿ ನನ್ನ ಕೈಗೆ ಕೊಟ್ಟಿದ್ಲು. ನಂಗೆ ಹನ್ನೆರಡು ವರ್ಷ. ಜಾಗ ಮರೆತಿಲ್ಲ."

"ಹದಿನಾಲ್ಕು ವರ್ಷ," ಎಂದಳು ಯಾರುಮ. "ಹದಿನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ಯಾ?"

"ನೀನು ಕೇಳಿದ್ಯಾ? ಒಂದು ದಿನ ನನ್ನ ಹತ್ರ ಏನಾದ್ರೂ ಕೇಳಿದ್ಯಾ ನೀನು? ಉಪ್ಪು ಬೇಕಾದ್ರೂ ಪಕ್ಕದ ಮನೆಗೆ ಹೋಗೋಳು."

ಯಾರುಮ ಅವಳ ಕೆನ್ನೆಗೆ ಬಾರಿಸಿದಳು. ಬುರುಡೆ ಕೈಜಾರಿ ನೀರಲ್ಲಿ ತೇಲಿಹೋಯಿತು. ಬೀಹಾ ಅಳಲಿಲ್ಲ, ಕೆನ್ನೆ ಒತ್ತಿಕೊಂಡು ನಿಂತಳು.

"ಅವ್ವನ್ನ ನಂಗೆ ಕೊಡು. ಜಾಗ ತೋರಿಸ್ತೀನಿ."

ಯಾರುಮ ಕಲ್ಲಿನ ಮೇಲೆ ಕುಳಿತಳು. ಮೇಲೆ ಊರಿನಲ್ಲಿ ಹೆಂಗಸರು ಅಳುವುದು ಕೇಳುತ್ತಿತ್ತು. ಅವ್ವ ಜಾಗವನ್ನು ಬೀಹಾಳಿಗೆ ತೋರಿಸಿದಳು, ನನಗೆ ಕೇಳಬಾರದು ಎಂದಳು. ಅವ್ವನಿಗೆ ಕೊಟ್ಟ ಮಾತನ್ನು ನಾನು ಯಾಕೆ ಉಳಿಸಬೇಕು? ಹೀಗೆ ಯೋಚಿಸಿದ್ದು ತಪ್ಪೆಂದು ಅವಳಿಗೆ ಆಗಲೂ ಗೊತ್ತಿತ್ತು, ಸಾಯುವ ತನಕವೂ ಗೊತ್ತಿತ್ತು. ಎದ್ದು ಹೋಗಿ ಎಲ್ಲರ ಮುಂದೆ, "ಅವ್ವ ಬೀಹಾಳ ಮನೆಗೆ ಹೋಗ್ಲಿ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಬಾಗ್ವೆ ಹತ್ತಿರ ಬಂದು ಅವಳ ಮುಖವನ್ನೇ ನೋಡಿದ.

"ಏನು ಕೊಟ್ಲು ನಿಂಗೆ? ಕಲ್ಲುಮಣಿನಾ?"

ಅವಳು ತಲೆ ತಗ್ಗಿಸಿದಳು. ಮುದುಕ ಅವಳ ಕಾಲ ಬಳಿ ಉಗಿದು ಹೋದ. ಆಮೇಲೆ ಅವನು ಬದುಕಿದ್ದ ಎರಡು ವರ್ಷವೂ ಅವಳ ಜೊತೆ ಮಾತಾಡಲಿಲ್ಲ, ಅವಳು ಮಾಡಿದ ಹಂಚಿನ ರೊಟ್ಟಿ ತಿನ್ನಲಿಲ್ಲ. ಊರಲ್ಲಿ ಬೇರೆ ಹಂಚು ಇಲ್ಲದ್ದರಿಂದ ಸುಟ್ಟ ಗೆಣಸೇ ಅವನ ಪಾಲಿಗಾಯಿತು.

ಮಧ್ಯಾಹ್ನದೊಳಗೆ ಹಾಗ್ವಾಳನ್ನು ಯಜಮಾನನ ಮನೆಯ ನೆಲದಡಿ ಇಟ್ಟಾಯಿತು. ಯಾರುಮ ಊಟಕ್ಕೆ ಕೂರಲಿಲ್ಲ. ಅಗೆಯುವ ಕೋಲು ಹಿಡಿದು ಬಂದು ತಂಗಿಯ ತೋಳು ಹಿಡಿದಳು. "ನಡಿ, ತೋರಿಸು."

ಬೀಹಾ ಬಯಲಿನ ಮೂಡಣ ಅಂಚಿನ ಹಳೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಇಪ್ಪತ್ತಾರು ಹೆಜ್ಜೆ ಎಣಿಸಿ, ಎಡಕ್ಕೆ ಹೊರಳಿ ಒಂಬತ್ತು ಎಣಿಸಿದಳು. ಯಾರುಮ ಅಗೆದಳು. ಯಾರೋ ದೊಡ್ಡವರ ಮಂಡಿಯ ಮೂಳೆ ಸಿಕ್ಕಿತು. ಕೈಮುಗಿದು ಮುಚ್ಚಿದಳು.

"ಸುಳ್ಳಿ!" ಎಂದಳು. "ಅವ್ವನ್ನ ಹೊಡ್ಕೊಳ್ಳೋಕೆ ಸುಳ್ಳು ಹೇಳಿದೆ!"

"ತಡಿಯೇ, ತಡಿ. ಆಗ ನನ್ನ ಕಾಲು ಚಿಕ್ಕದು." ಬೀಹಾ ಮತ್ತೆ ಕಂಬದ ಹತ್ತಿರ ಹೋಗಿ ಹುಡುಗಿಯ ಹೆಜ್ಜೆಯಲ್ಲಿ, ಎರಡೂ ಕೈಯಲ್ಲಿ ಏನನ್ನೋ ಹಿಡಿದವಳ ಹಾಗೆ, ಪುಟುಪುಟು ನಡೆದು ಬಂದಳು. ಕೆಲಸ ಬಿಟ್ಟು ನೋಡುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಬೀಹಾ ನಿಂತು, ಕುಳಿತು, ನೆಲ ಮುಟ್ಟಿದಳು. "ಇಲ್ಲಿ."

ಕೋಲಿಗೆ ಬೋಗುಣಿ ತಗಲಿತು. ಯಾರುಮ ಕೋಲು ಎಸೆದು ಚಿಪ್ಪಿನಲ್ಲಿ, ಆಮೇಲೆ ಬೆರಳಲ್ಲಿ ಮಣ್ಣು ತೆಗೆದಳು. ಕವುಚಿದ ಪುಟ್ಟ ಬೋಗುಣಿ. ಕೆಂಪು ಮಾಸಿತ್ತು, ಬಿಳಿ ಗೆರೆ ಹಾಗೇ ಇತ್ತು. ಒಂದು ಕಪ್ಪೆ, ಹಿಂಗಾಲು ಸೊಟ್ಟ.

"ನಾನೇ ಬಿಡಿಸಿದ್ದು ಕಣೆ" ಎಂದಳು ಬೀಹಾ. "ಅಳ್ತಾ ಬಿಡಿಸಿದೆ, ಕೈ ನಡುಗ್ತು. ಕಾಲು ಸೊಟ್ಟ ಆಯ್ತು ಅಂತ ಅವ್ವ ಬೈದಿದ್ಲು."

ಯಾರುಮಳ ಮೈಯಲ್ಲಿ ಹಳೆಯ ಉರಿ ಎದ್ದಿತು. ಹದಿನಾಲ್ಕು ವರ್ಷದಿಂದ ತನ್ನ ಕೂಸಿನ ತಲೆಯ ಮೇಲೆ ಇರುವುದು ಇವಳ ಕುಂಚ. ಅದನ್ನು ಕಿತ್ತೆಸೆದು ಮೂಳೆಯನ್ನಷ್ಟೇ ಒಯ್ಯೋಣವೆಂದು ಬೋಗುಣಿಯ ಅಂಚು ಹಿಡಿದಳು. ಬರಲಿಲ್ಲ. ಯಾವುದೋ ಮರದ ಬೇರು ಒಳಗೆ ನುಗ್ಗಿ ಬೋಗುಣಿಯನ್ನೂ ಆ ಪುಟ್ಟ ತಲೆಬುರುಡೆಯನ್ನೂ ಒಟ್ಟಿಗೆ ಹೆಣೆದುಬಿಟ್ಟಿತ್ತು. ಎಳೆದರೆ ಎರಡೂ ಪುಡಿಯಾಗುತ್ತಿದ್ದವು. ಕೊನೆಗೆ ಬೇರನ್ನು ಎರಡೂ ಕಡೆ ಕತ್ತರಿಸಿ, ಬೋಗುಣಿಯ ಸಮೇತ ಎತ್ತಿ ಮಡಿಲಿಗೆ ಹಾಕಿಕೊಂಡು ಮನೆಗೆ ನಡೆದಳು. ಬೀಹಾ ಹಿಂದೆ ಬರುವವಳಿದ್ದಳು. "ನೀನು ಬರ್ಬೇಡ" ಎಂದಳು ಯಾರುಮ.

ಮಾರೋಯ ಜೋಲಿ ಸರಿಸಿ ನೆಲ ಅಗೆದುಕೊಟ್ಟ. ಗ್ವಾನಿ ಬಾಗಿಲಲ್ಲಿ ನಿಂತು, "ಇವನು ನಮ್ಮಣ್ಣನಾ ಅವ್ವ?" ಎಂದು ಕೇಳಿದಳು. ಮಾರನೆಯ ಬೆಳಿಗ್ಗೆ ಯಾರುಮ ಮೊದಲ ರೊಟ್ಟಿಯ ಚೂರು ಮುರಿದು ಜೋಲಿಯ ಕೆಳಗೆ ಇಟ್ಟಳು. ಏನಾದರೂ ಮಾತಾಡಬೇಕೆನಿಸಿತು. ಬೀಹಾಳ ಹಾಗೆ ಬಾಯಿಗೆ ಮಾತು ಬರಲಿಲ್ಲ. "ತಿನ್ನಪ್ಪ" ಎಂದಳು, ಅಷ್ಟೇ.

ಕಲ್ಲು ನಿಂತವು. ಕಡಲ ಕಡೆಯವರು ಮರದ ಹಾಲು ಹೆಪ್ಪುಗಟ್ಟಿಸಿ ಮಾಡಿದ ಚೆಂಡು ಹಿಡಿದು ಬಂದರು. ಸೊಂಟದಲ್ಲಿ, ಮಂಡಿಯಲ್ಲಿ ಚೆಂಡು ಹಾರಿಸುತ್ತ ದಿನವಿಡೀ ಆಡಿದರು. ಅವರ ರೊಟ್ಟಿಗೆಂದು ಯಾರುಮ ಹನ್ನೆರಡು ಹಂಚು ತಟ್ಟಿದಳು. ಬಣ್ಣದ ಬೋಗುಣಿಯನ್ನು ಮಾತ್ರ ಈಗ ಯಾರೂ ಕೇಳುತ್ತಿರಲಿಲ್ಲ. ಕಡಲ ಕಡೆಯವರ ಹಾಗೆ ಎಲ್ಲರಿಗೂ ಬರೀ ಕೆಂಪು ಬೋಗುಣಿ ಸಾಕಾಗಿತ್ತು. ಬೀಹಾಳ ಕುಂಚ ಸೂರಿನಲ್ಲಿ ಸಿಕ್ಕಿಸಿದಲ್ಲೇ ಒಣಗಿತು. ಅದನ್ನು ನೋಡಿದಾಗ ಯಾರುಮಳಿಗೆ ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡ.

ಆದರೆ ಅವಳ ಉರಿಗೆ ಬೇರೆ ಸೌದೆ ಸಿಕ್ಕಿತ್ತು. ಅವ್ವ ಬೀಹಾಳ ಕನಸಿನಲ್ಲಿ ಬರತೊಡಗಿದ್ದಳು. "ನಿನ್ನೇನೂ ಬಂದಿದ್ಲು ಅಕ್ಕ" ಎಂದು ಬೀಹಾ ಕೆಂಪಗೆ ಊದಿದ ಕಣ್ಣಲ್ಲಿ ಹೇಳುವಳು. "ಬೈತಾಳೆ. ಮೂಲೇಲಿ ಕೂರಿಸಿದ್ಯಲ್ಲೇ, ಮಾತಾಡೋಕೆ ಯಾರೂ ಇಲ್ಲ ಅಂತ ಬೈತಾಳೆ." ಅವಳು ಸೊರಗಿಹೋದಳು. ಯಾರುಮ ತಾನೂ ಕಾದಳು. ಮಲಗುವ ಮೊದಲು ಅವ್ವನ ಹೆಸರು ಹೇಳಿದಳು, ಅವ್ವನಿಗೆ ಇಷ್ಟವೆಂದು ಸೀಬೆ ಹಣ್ಣನ್ನು ತಲೆಯ ಹತ್ತಿರ ಇಟ್ಟುಕೊಂಡಳು. ಮಾತು ಮುರಿದವಳು ನಾನು, ನನ್ನನ್ನಲ್ಲವೇ ಬೈಯಬೇಕಾದದ್ದು? ಒಂದು ದಿನವೂ ಹಾಗ್ವಾ ಅವಳ ಕನಸಿಗೆ ಬರಲಿಲ್ಲ. ಸತ್ತ ಮೇಲೂ ಅವ್ವ ಹೋಗುವುದು ಬೀಹಾಳ ಹತ್ತಿರವೇ.

ಆಮೇಲಾಮೇಲೆ ಯಾರುಮ ದಿನಾ ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಯಜಮಾನನ ಮನೆಗೆ ಹೋಗಿ ಬಾಗಿಲಲ್ಲಿ ಕೂರತೊಡಗಿದಳು. ಮಾರೋಯ ಸತ್ತ, ಗ್ವಾನಿಗೆ ಮಕ್ಕಳಾದವು, ಅಕ್ಕತಂಗಿಯರ ತಲೆ ನೆರೆಯಿತು. ಬೆಳಿಗ್ಗೆ ಹೋಗಿ ಕೂರುವುದು ಮಾತ್ರ ತಪ್ಪಲಿಲ್ಲ.

"ಬಂದಿದ್ಲಾ?" ಎಂದು ಕೇಳುವಳು.

"ಬಂದಿದ್ಲು."

"ಏನಂದ್ಲು?"

ಬೀಹಾ ಇದ್ದದ್ದನ್ನು ಹೇಳುವಳು. ಒಂದು ದಿನ ಮಾತ್ರ, ಅಕ್ಕನ ಮುಖ ನೋಡಿ ಏನನ್ನಿಸಿತೋ, "ನಿನ್ನನ್ನ ಕೇಳಿದ್ಲು ಕಣೆ. ಯಾರುಮ ಹೇಗಿದಾಳೆ, ಅವಳ ಕೈಯ ಗಂಜಿ ಕುಡೀಬೇಕು ಅನ್ಸುತ್ತೆ ಅಂದ್ಲು" ಎಂದಳು.

ಯಾರುಮ ಬೆರಳಿನ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು.

"ಸುಳ್ಳು ಹೇಳ್ಬೇಡ. ಅವ್ವ ಹಾಗೆಲ್ಲ ಕೇಳೋಳಲ್ಲ."

ಹೊರಗೆ ಬಯಲಿನಲ್ಲಿ ಯಾರೋ ಚೆಂಡು ಪುಟಿಸುತ್ತಿದ್ದರು. ಯಾರುಮ ತಂಗಿಯ ಹತ್ತಿರಕ್ಕೆ ಸರಿದು ಕುಳಿತಳು.

"ಇನ್ನೇನಂದ್ಲು?"